ಎಡೆಯಿಲ್ಲದ ಸಾಲು: ಚೀನೀ ಓದು ಮತ್ತು ಕಣ್ಣಿನ ಚಲನೆಯ ಅಧ್ಯಯನದ ಇತಿಹಾಸ

ಚೀನೀ ಬರಹದಲ್ಲಿ ಪದಕ್ಕೂ ಪದಕ್ಕೂ ನಡುವೆ ಎಡೆ ಬಿಡುವ ಪದ್ಧತಿಯಿಲ್ಲ. ಒಂದೇ ಗೀರಿನ ಅಕ್ಷರವಾಗಲಿ, ಇಪ್ಪತ್ತು ಗೀರುಗಳ ಅಕ್ಷರವಾಗಲಿ, ಎಲ್ಲವೂ ಸಮಾನ ಅಳತೆಯ ಚೌಕಗಳಲ್ಲಿ ಕೂತು, ವಿರಾಮಚಿಹ್ನೆ ಬರುವವರೆಗೆ ಒಂದರ ಪಕ್ಕ ಒಂದರಂತೆ ಸಾಗುತ್ತವೆ. ಸಾಮಾನ್ಯವಾಗಿ ಪ್ರತಿಯೊಂದು ಅಕ್ಷರವೂ ಒಂದು ಉಚ್ಚಾರಾಂಶವನ್ನೂ ಅದಕ್ಕೆ ಹೊಂದಿಕೊಂಡ ಒಂದು ಅರ್ಥವನ್ನೂ ಸೂಚಿಸುತ್ತದೆಯಾದರೂ ಅಕ್ಷರವೇ ಪದವಲ್ಲ; 2008ರಲ್ಲಿ ಪ್ರಕಟವಾದ ಆಧುನಿಕ ಚೀನೀ ಭಾಷೆಯ ಬಳಕೆಯ ಪದಗಳ ಕೋಶದಲ್ಲಿ ಸೇರಿರುವ 56,008 ಪದಗಳ ಪೈಕಿ ಶೇಕಡಾ 72ರಷ್ಟು ಎರಡಕ್ಷರದವು, ಶೇಕಡಾ 6ರಷ್ಟು ಮಾತ್ರ ಒಂದಕ್ಷರದವು, ಉಳಿದವು ಬಹುತೇಕ ಮೂರು ಇಲ್ಲವೆ ನಾಲ್ಕು ಅಕ್ಷರಗಳವು. ಹೀಗಿರುವಾಗ ಓದುವ ಕಣ್ಣು ಪದದ ಎಲ್ಲೆಯನ್ನು ಹೇಗೆ ಕಂಡುಕೊಳ್ಳುತ್ತದೆ ಎಂಬುದು ಇಂದು ಅರಿವಿನ ಮನೋವಿಜ್ಞಾನದ, ಅಂದರೆ ಗ್ರಹಿಕೆ, ನೆನಪು, ಭಾಷೆಗಳಂತಹ ಮಾನಸಿಕ ಕ್ರಿಯೆಗಳನ್ನು ಪ್ರಯೋಗಗಳ ಮೂಲಕ ಅರಿಯುವ ಶಾಸ್ತ್ರದ, ಮುಖ್ಯ ಪ್ರಶ್ನೆಗಳಲ್ಲೊಂದಾಗಿದೆ. ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳುವ ಹಂತಕ್ಕೆ ಬರಲು ಸಂಶೋಧನೆಗೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೂ ಮೊದಲು ಕೇಳುತ್ತಿದ್ದದ್ದು ಚೀನೀ ಲಿಪಿ ಆಧುನಿಕ ಓದಿಗೆ ಯೋಗ್ಯವೇ ಅಲ್ಲವೇ ಎಂಬ, ತಿಳಿವಳಿಕೆಗಿಂತ ತೀರ್ಪನ್ನೇ ಬಯಸುವ ಪ್ರಶ್ನೆಯನ್ನು.

ಓದುವಾಗ ಕಣ್ಣು ಸಾಲಿನ ಮೇಲೆ ಎಡೆಬಿಡದೆ ಹರಿಯುತ್ತದೆಂಬ ನಂಬಿಕೆ ಮುರಿದದ್ದು 1870ರ ದಶಕದ ಕೊನೆಯಲ್ಲಿ. ಪ್ಯಾರಿಸ್ಸಿನ ನೇತ್ರತಜ್ಞ ಲೂಯಿ ಎಮಿಲ್ ಜಾವಾಲ್ ಅವರ ಪ್ರಯೋಗಶಾಲೆಯಲ್ಲಿ ಲಾಮಾರ್ ಎಂಬ ಸಹೋದ್ಯೋಗಿ ಮೇಲಿನ ರೆಪ್ಪೆಗೆ ಮೊಂಡಾದ ಸೂಜಿಯೊಂದನ್ನು ತಾಗಿಸಿ, ಕಣ್ಣು ಅಲುಗಿದಾಗಲೆಲ್ಲ ಆಗುವ ಸದ್ದನ್ನು ರಬ್ಬರ್ ಕೊಳವೆಯ ಮೂಲಕ ಕಿವಿಯಿಂದ ಕೇಳಿ ಎಣಿಸಿದರು. ಜರ್ಮನಿಯ ಎವಾಲ್ಡ್ ಹೆರಿಂಗ್ ಕೂಡ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇದೇ ನಿರ್ಣಯಕ್ಕೆ ಬಂದರು. ಕಣ್ಣು ಒಂದೆಡೆ ಸೆಕೆಂಡಿನ ಸುಮಾರು ಕಾಲು ಭಾಗದಷ್ಟು ಹೊತ್ತು ನಿಲ್ಲುತ್ತದೆ, ಅನಂತರ ಥಟ್ಟನೆ ಮುಂದಕ್ಕೆ ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ. ಅಕ್ಷರಗಳು ಕಾಣುವುದು ನಿಲುಗಡೆಯಲ್ಲಿ ಮಾತ್ರ, ಜಿಗಿತದಲ್ಲಿ ಅಲ್ಲ. ಹತ್ತರಲ್ಲಿ ಒಂದೋ ಎರಡೋ ಜಿಗಿತ ಹಿಂದಕ್ಕೂ ಹೋಗುತ್ತದೆ. ಇದಕ್ಕೆಲ್ಲ ಮೂಲಕಾರಣ ಕಣ್ಣಿನ ರಚನೆ: ಅಕ್ಷಿಪಟಲದ ನಡುವಿನ ಸಣ್ಣ ಗುಳಿಯ ಮೇಲೆ ಬಿದ್ದ ಬಿಂಬ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಅದರಿಂದ ಆಚೆ ಸರಿದಂತೆ ನೋಟ ಬೇಗನೆ ಮಸುಕಾಗುತ್ತದೆ, ಆದ್ದರಿಂದ ಓದಬೇಕಾದ ಭಾಗವನ್ನು ಮತ್ತೆ ಮತ್ತೆ ಆ ಗುಳಿಯ ನೇರಕ್ಕೆ ತಂದುಕೊಳ್ಳದೆ ಗತ್ಯಂತರವಿಲ್ಲ.

ಈ ಜಿಗಿತಗಳನ್ನು ಅಳೆಯುವ ಮೊದಲ ಸಾಧನಗಳು ಇಂದು ಓದಿದರೂ ಮೈ ಜುಮ್ಮೆನ್ನಿಸುವಂಥವು. ಅಮೆರಿಕದ ಎಡ್ಮಂಡ್ ಬರ್ಕ್ ಹ್ಯೂಯಿ ಕಣ್ಣಿಗೆ ಮದ್ದು ಹಾಕಿ ಮರಗಟ್ಟಿಸಿ, ಪಾಪೆಯ ಜಾಗದಲ್ಲಿ ತೂತಿರುವ ಪ್ಲಾಸ್ಟರಿನ ಪುಟ್ಟ ಬಟ್ಟಲೊಂದನ್ನು ಕಣ್ಣಗುಡ್ಡೆಯ ಮೇಲೆ ಕೂರಿಸಿ, ಅದಕ್ಕೆ ಜೋಡಿಸಿದ ಹಗುರವಾದ ಅಲ್ಯೂಮಿನಿಯಂ ಕಡ್ಡಿ ಮಸಿ ಹಿಡಿಸಿದ ಉರುಳೆಯ ಮೇಲೆ ಕಣ್ಣಿನ ನಡೆಯನ್ನು ಗೀಚುವಂತೆ ಮಾಡಿದರು. ಓದುಗರ ಅದೃಷ್ಟಕ್ಕೆ ರೇಮಂಡ್ ಡಾಜ್ 1901ರಲ್ಲಿ, ಕಣ್ಣಿನ ಕಪ್ಪಿನ ಮೇಲೆ ಬಿದ್ದು ಹಿಂದಿರುಗುವ ಬೆಳಕಿನ ಕಿರಣವನ್ನು ಸರಿಯುವ ಛಾಯಾಫಲಕದ ಮೇಲೆ ಹಿಡಿಯುವ, ಕಣ್ಣನ್ನು ಮುಟ್ಟುವ ಅಗತ್ಯವೇ ಇಲ್ಲದ ಕ್ಯಾಮೆರಾ ವಿಧಾನವನ್ನು ಪ್ರಕಟಿಸಿದರು. ಅನಂತರದ ಕೆಲವು ದಶಕಗಳ ಓದಿನ ಸಂಶೋಧನೆ ಈ ವಿಧಾನದ ಮೇಲೆಯೇ ನಿಂತಿತು. ಚೀನೀ ಓದು ಪ್ರಯೋಗಶಾಲೆಯನ್ನು ಪ್ರವೇಶಿಸಿದ್ದೂ ಇದೇ ಬಾಗಿಲಿನಿಂದ.

ಅದೇ ಹೊತ್ತಿಗೆ ಚೀನಾದಲ್ಲಿ ಲಿಪಿಯ ಬಗ್ಗೆ ದೊಡ್ಡ ವಾಗ್ವಾದ ಎದ್ದಿತ್ತು. ಸಾಮ್ರಾಜ್ಯ ಕುಸಿದು ಗಣರಾಜ್ಯ ಬಂದಿದ್ದ ಆ ಕಾಲದಲ್ಲಿ ದೇಶದ ಹಿನ್ನಡೆಗೆ ಕಾರಣಗಳನ್ನು ಹುಡುಕುತ್ತಿದ್ದ ತರುಣ ವಿದ್ವಾಂಸರಿಗೆ, ಕಲಿಯಲು ವರ್ಷಗಟ್ಟಲೆ ಬೇಡುವ ಸಾವಿರಾರು ಅಕ್ಷರಗಳ ಲಿಪಿಯೇ ಒಂದು ಕಾರಣವಾಗಿ ಕಂಡಿತು. ಕೆಲವರು ಲಿಪಿಯನ್ನೇ ಕೈಬಿಡಬೇಕೆಂದರು, ಕೆಲವರು ಸರಳಗೊಳಿಸಬೇಕೆಂದರು, ಇನ್ನು ಕೆಲವರ ಗಮನ ಸಾಲಿನ ದಿಕ್ಕಿನ ಮೇಲೆ ಬಿತ್ತು. ಅಂದಿನವರೆಗೆ ಚೀನೀ ಪುಸ್ತಕಗಳ ಸಾಲುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದವು, ಪುಟ ಬಲದಿಂದ ಎಡಕ್ಕೆ ಸಾಗುತ್ತಿತ್ತು. 1917ರಲ್ಲಿ ಭಾಷಾಪಂಡಿತ ಚಿಯೆನ್ ಶುವಾನ್‌ಟುಂಗ್ ಅವರು ‘ನವ ಯೌವನ’ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ, ಮನುಷ್ಯನ ಕಣ್ಣುಗಳು ಅಕ್ಕಪಕ್ಕದಲ್ಲಿವೆಯೇ ಹೊರತು ಒಂದರ ಮೇಲೊಂದಿಲ್ಲ, ಆದ್ದರಿಂದ ಅಡ್ಡ ಸಾಲೇ ಓದಿಗೆ ಸಹಜ ಎಂದು ವಾದಿಸಿದರು. ಕಣ್ಣಿನ ಹೆಸರಿನಲ್ಲಿ ಮಂಡಿಸಿದ ಈ ವಾದವನ್ನು ಕಣ್ಣನ್ನೇ ಅಳೆದು ಪರೀಕ್ಷಿಸಬಹುದೆಂಬ ವಿಚಾರ, ಪಾಶ್ಚಾತ್ಯ ಪ್ರಯೋಗಶಾಲೆಗಳನ್ನು ಕಂಡಿದ್ದ ಚೀನೀ ವಿದ್ಯಾರ್ಥಿಗಳಿಗೆ ಹೊಳೆಯದಿರಲು ಸಾಧ್ಯವಿರಲಿಲ್ಲ.

1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಮೈಲ್ಸ್ ಮತ್ತು ಅಲ್ಲಿ ಓದುತ್ತಿದ್ದ ಶೆನ್ ಯೊಚಿಯೆನ್ (ಅಮೆರಿಕದಲ್ಲಿ ಅವರು ಯೂಜೀನ್ ಶೆನ್ ಎಂದೇ ಪರಿಚಿತರು) ಪ್ರಕಟಿಸಿದ ಲೇಖನವನ್ನು ಚೀನೀ ಓದಿನಲ್ಲಿ ಕಣ್ಣಿನ ಚಲನೆಯ ಅಧ್ಯಯನದ ಆರಂಭವೆಂದು ಪರಿಗಣಿಸಲಾಗುತ್ತದೆ. ಡಾಜ್ ಅವರ ಕ್ಯಾಮೆರಾ ರೂಪುಗೊಂಡದ್ದು ಅಡ್ಡ ಸಾಲನ್ನು ಓದುವ ಕಣ್ಣಿಗಾಗಿ. ಕಣ್ಣು ಮೇಲಿಂದ ಕೆಳಕ್ಕೆ ಚಲಿಸಿದರೆ ಅದನ್ನು ಹಿಡಿಯುವ ಬಗೆಯನ್ನೇ ಹೊಸದಾಗಿ ಕಂಡುಹಿಡಿಯಬೇಕಿತ್ತು. ಲಂಬ ಮತ್ತು ಅಡ್ಡ ಎರಡೂ ಅಕ್ಷಗಳಲ್ಲಿ ದಾಖಲಿಸುವ ವಿಧಾನವನ್ನು ವಿವರಿಸುವುದೇ ಆ ಲೇಖನದ ಮೊದಲ ಉದ್ದೇಶವಾಗಿತ್ತು. ಓದಿದವರು ಅಮೆರಿಕದಲ್ಲಿ ವ್ಯಾಸಂಗ ಮಾಡುತ್ತಿದ್ದ ಚೀನೀ ವಿದ್ಯಾರ್ಥಿಗಳು; ಅವರು ಬಾಲ್ಯದಿಂದ ರೂಢಿಯಾಗಿದ್ದ ಲಂಬ ಸಾಲನ್ನೇ ಹೆಚ್ಚು ವೇಗವಾಗಿ ಓದಿದರು. ಶೆನ್ ಅವರು 1927ರಲ್ಲಿ ಇನ್ನಷ್ಟು ವಿಸ್ತಾರವಾದ ವಿಶ್ಲೇಷಣೆ ಪ್ರಕಟಿಸಿ ಅನಂತರ ಸ್ವದೇಶಕ್ಕೆ ಮರಳಿದರು. ಈ ನಡುವೆ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ನಡೆದ ಪ್ರಯೋಗಗಳ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಲಿಲ್ಲ: ಒಂದೆಡೆ ಲಂಬ ಸಾಲು ಗೆದ್ದರೆ ಇನ್ನೊಂದೆಡೆ ಅಡ್ಡ ಸಾಲು ಗೆದ್ದಿತು, ಪಠ್ಯ ಬದಲಾದಂತೆ, ಓದುವವರು ಬದಲಾದಂತೆ ಗೆಲುವೂ ಬದಲಾಯಿತು.

ಈ ಗೊಂದಲದ ಅರ್ಥವನ್ನು ಹೆಚ್ಚು ಆಳವಾಗಿ ಹಿಡಿದವರು, ಸ್ಟ್ಯಾನ್‌ಫರ್ಡಿನಲ್ಲಿಯೇ ಸಂಶೋಧನೆ ನಡೆಸಿ ಮುಂದೆ ಪೀಕಿಂಗಿನ ಚಿಂಗ್‌ಹ್ವಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಜೌ ಶ್ಯೆನ್‌ಗಂಗ್. ಅಕ್ಷರಗಳನ್ನು ನಾಲ್ಕು ದಿಕ್ಕುಗಳಲ್ಲಿ ಜೋಡಿಸಿ ಕ್ಷಣಮಾತ್ರ ತೋರಿಸಿ ಮರೆಮಾಡುವ ನಾಲ್ಕು ಬಾಗಿಲುಗಳ ಯಂತ್ರವೊಂದನ್ನು ಅವರು ತಾವೇ ರೂಪಿಸಿದರು. ಸಾಲಿನ ದಿಕ್ಕನ್ನಲ್ಲದೆ ಅಕ್ಷರದ ನಿಲುವನ್ನೂ, ಅಂದರೆ ಅದು ನೆಟ್ಟಗಿದೆಯೇ, ಮಲಗಿದೆಯೇ, ತಲೆಕೆಳಗಾಗಿದೆಯೇ ಎಂಬುದನ್ನೂ ಬದಲಿಸಿ ನೋಡಿದರು. 1930ರಲ್ಲಿ ಅವರು ಮಂಡಿಸಿದ ವಾದ ಆ ಕಾಲಕ್ಕೆ ಬಹಳ ಮುಂದಿತ್ತು: ಚೀನೀ ಅಕ್ಷರವನ್ನು ಓದುಗ ಗೀರುಗಳ ಮೊತ್ತವಾಗಿ ಕಾಣುವುದಿಲ್ಲ, ಇಡಿಯಾದ ಒಂದು ಆಕೃತಿಯಾಗಿ ಗುರುತಿಸುತ್ತಾನೆ, ಆದ್ದರಿಂದ ಅಕ್ಷರವನ್ನೂ ಅದು ಕೂತಿರುವ ಸನ್ನಿವೇಶವನ್ನೂ ಬಿಟ್ಟು ದಿಕ್ಕಿನ ಲಾಭನಷ್ಟವನ್ನು ಮಾತ್ರ ಲೆಕ್ಕಹಾಕುವುದು ಸರಿಯಲ್ಲ. ಲಿಪಿಯ ಯೋಗ್ಯತೆ ಕುರಿತ ವಿಚಾರಣೆಯಾಗಿ ಹೊರಟದ್ದು ಓದುವ ಮನಸ್ಸಿನ ಅಧ್ಯಯನವಾಗಿ ತಿರುಗುವ ಸೂಚನೆ ಇಲ್ಲಿಯೇ ಇದೆ. ಆದರೆ ಆ ತಿರುವು ಪೂರ್ಣಗೊಳ್ಳಲು ಇತಿಹಾಸ ಬಿಡಲಿಲ್ಲ.

1937ರಲ್ಲಿ ಜಪಾನಿನೊಡನೆ ಯುದ್ಧ ಆರಂಭವಾದಾಗ ಚೀನಾದ ಮುಖ್ಯ ವಿಶ್ವವಿದ್ಯಾಲಯಗಳು ಒಳನಾಡಿಗೆ ಸರಿದವು, ಪ್ರಯೋಗಶಾಲೆಗಳು ಚೆದುರಿದವು. ಜನಗಣರಾಜ್ಯ ಸ್ಥಾಪನೆಯಾದ ಮೇಲೆ ಸಾಲಿನ ದಿಕ್ಕಿನ ಪ್ರಶ್ನೆ ಪ್ರಯೋಗದಿಂದಲ್ಲ, ಆಡಳಿತದ ನಿರ್ಧಾರದಿಂದ ಇತ್ಯರ್ಥವಾಯಿತು: ‘ಗುವಾಂಗ್‌ಮಿಂಗ್ ದೈನಿಕ’ 1955ರ ಜನವರಿ 1ರಿಂದ, ‘ಜನತಾ ದೈನಿಕ’ 1956ರ ಜನವರಿ 1ರಿಂದ ಅಡ್ಡ ಸಾಲಿಗೆ ಬದಲಾದವು, ಅದೇ 1956ರ ಜನವರಿಯಲ್ಲಿ ಸರಳೀಕೃತ ಅಕ್ಷರಗಳ ಯೋಜನೆಯೂ ಹೊರಬಿತ್ತು. ಮನೋವಿಜ್ಞಾನವಾದರೋ 1958ರಲ್ಲಿ ಒಮ್ಮೆ, ಸಾಂಸ್ಕೃತಿಕ ಕ್ರಾಂತಿಯ ಹೊಸ್ತಿಲಲ್ಲಿ ಇನ್ನೊಮ್ಮೆ ಬಂಡವಾಳಶಾಹಿ ಹುಸಿಶಾಸ್ತ್ರವೆಂಬ ಆರೋಪಕ್ಕೆ ಗುರಿಯಾಯಿತು. ಚೀನೀ ವಿಜ್ಞಾನ ಅಕಾಡೆಮಿಯ ಮನೋವಿಜ್ಞಾನ ಸಂಸ್ಥೆಯನ್ನೇ ಮುಚ್ಚಲಾಯಿತು, ಅದು ಮತ್ತೆ ತೆರೆದದ್ದು 1977ರಲ್ಲಿ. ಒಂದು ಇಡೀ ತಲೆಮಾರಿನ ಸಂಶೋಧಕರು ತಮ್ಮ ಕೆಲಸದ ವಯಸ್ಸನ್ನು ಹೀಗೆ ಕಳೆದುಕೊಂಡರು, ಈ ನಷ್ಟವನ್ನು ಯಾವ ಲೆಕ್ಕದಿಂದಲೂ ತುಂಬಿಕೊಡಲಾಗದು. ಈ ನಡುವಿನ ದಶಕಗಳಲ್ಲಿ ಚೀನೀ ಓದಿನ ಕುರಿತು ದೊರೆತ ಅಲ್ಪಸ್ವಲ್ಪ ಮಾಹಿತಿ ಹೊರಗಿನಿಂದ ಬಂದದ್ದು. ಅದರಲ್ಲಿ ಗಮನಾರ್ಹವಾದದ್ದು ಯುನೆಸ್ಕೋಗಾಗಿ ವಿಲಿಯಂ ಗ್ರೇ 1956ರಲ್ಲಿ ಪ್ರಕಟಿಸಿದ ಸಮೀಕ್ಷೆ. ಹಿಂದಿ, ಉರ್ದು, ಚೀನೀ ಸೇರಿ 14 ಭಾಷೆಗಳ ನುರಿತ ಓದುಗರ ಕಣ್ಣಿನ ಚಲನೆಯನ್ನು ದಾಖಲಿಸಿದ ಅವರಿಗೆ, ಲಿಪಿ ಎಷ್ಟೇ ಬೇರೆಯಾದರೂ ನುರಿತ ಓದಿನ ಮೂಲಲಕ್ಷಣಗಳು ಒಂದೇ ಎಂದು ಕಂಡಿತು.

ಲಿಪಿಯ ಮೇಲಿನ ಹಳೆಯ ಆರೋಪಕ್ಕೆ ಅಂಕಿಗಳ ಉತ್ತರ ಬಂದದ್ದು 1985ರಲ್ಲಿ. ಶಾಂಘೈನ ಸುನ್ ಫುಚುವಾನ್ ಅವರು ಬರ್ಕ್ಲಿಯ ಲಾರೆನ್ಸ್ ಸ್ಟಾರ್ಕ್ ಮೊದಲಾದವರೊಡನೆ ಚೀನೀ ಓದುಗರನ್ನೂ ಇಂಗ್ಲಿಷ್ ಓದುಗರನ್ನೂ ಹೋಲಿಸಿ, ಸುಮಾರು ಒಂದೂವರೆ ಚೀನೀ ಅಕ್ಷರ ಒಂದು ಇಂಗ್ಲಿಷ್ ಪದಕ್ಕೆ ಸಮವೆಂದು ಲೆಕ್ಕಹಾಕಿ ನೋಡಿದಾಗ, ಎರಡೂ ಗುಂಪುಗಳ ವೇಗ ನಿಮಿಷಕ್ಕೆ 380 ಪದಗಳ ಆಸುಪಾಸಿನಲ್ಲಿ ಬಹುತೇಕ ಒಂದೇ ಆಗಿತ್ತು. ಚೀನೀ ಕಣ್ಣು ಒಂದು ಜಿಗಿತದಲ್ಲಿ ದಾಟುವುದು ಎರಡು ಮೂರು ಅಕ್ಷರಗಳನ್ನು, ಇಂಗ್ಲಿಷ್ ಕಣ್ಣು ದಾಟುವುದು ಏಳೆಂಟು ವರ್ಣಗಳನ್ನು. ಆದರೆ ಚೀನೀ ಅಕ್ಷರದಲ್ಲಿ ಅರ್ಥ ಹೆಚ್ಚು ದಟ್ಟವಾಗಿರುವುದರಿಂದ ಕೊನೆಗೆ ಹಿಡಿತಕ್ಕೆ ಸಿಗುವ ಹುರುಳಿನಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಅಡ್ಡ ಸಾಲಿನಲ್ಲೇ ಕಲಿತು ಬೆಳೆದವರು ಅಡ್ಡ ಸಾಲನ್ನೇ ವೇಗವಾಗಿ ಓದುತ್ತಾರೆಂಬುದೂ ಸ್ಪಷ್ಟವಾಯಿತು. 1925ರಲ್ಲಿ ಲಂಬ ಸಾಲು ಗೆದ್ದದ್ದಕ್ಕೂ ಅರವತ್ತು ವರ್ಷಗಳ ಅನಂತರ ಅಡ್ಡ ಸಾಲು ಗೆದ್ದದ್ದಕ್ಕೂ ಒಂದೇ ಕಾರಣ, ರೂಢಿ. ಕಣ್ಣುಗಳು ಅಕ್ಕಪಕ್ಕದಲ್ಲಿವೆ ಎಂಬ ಚಿಯೆನ್ ಶುವಾನ್‌ಟುಂಗ್ ಅವರ ತರ್ಕಕ್ಕೆ ಪ್ರಯೋಗಗಳು ಎಲ್ಲಿಯೂ ಬೆಂಬಲ ಕೊಡಲಿಲ್ಲ ಎಂದೇ ಹೇಳಬೇಕು.

ಅಷ್ಟರಲ್ಲಿ ಅಮೆರಿಕದಲ್ಲಿ ಓದಿನ ಸಂಶೋಧನೆಗೆ ಹೊಸ ಉಪಕರಣವೊಂದು ಒದಗಿತ್ತು. 1975ರಲ್ಲಿ ಜಾರ್ಜ್ ಮೆಕಾಂಕಿ ಮತ್ತು ಕೀತ್ ರೇನರ್ ಕಂಪ್ಯೂಟರಿನ ನೆರವಿನಿಂದ, ಕಣ್ಣು ನಿಂತ ಜಾಗದ ಸುತ್ತಲಿನ ಕೆಲವು ವರ್ಣಗಳನ್ನು ಮಾತ್ರ ಸರಿಯಾಗಿ ತೋರಿಸಿ ಉಳಿದ ಸಾಲನ್ನೆಲ್ಲ ಅರ್ಥವಿಲ್ಲದ ಗುರುತುಗಳಿಂದ ಮುಚ್ಚುವ, ಕಣ್ಣು ಸರಿದಂತೆ ತಾನೂ ಸರಿಯುವ ಕಿಟಕಿಯೊಂದನ್ನು ಸೃಷ್ಟಿಸಿದರು. ಕಿಟಕಿಯನ್ನು ಹಿಗ್ಗಿಸುತ್ತ ಹೋದಾಗ ಯಾವ ಅಳತೆಯಲ್ಲಿ ಓದು ಮಾಮೂಲಿ ವೇಗಕ್ಕೆ ಬರುತ್ತದೆಯೋ ಅದೇ ಓದುಗನ ಗ್ರಹಿಕೆಯ ಹರಹು. ಇಂಗ್ಲಿಷಿನಲ್ಲಿ ಅದು ಎಡಕ್ಕೆ ಮೂರು ನಾಲ್ಕು ವರ್ಣ, ಬಲಕ್ಕೆ ಹದಿನಾಲ್ಕು ಹದಿನೈದು ವರ್ಣ. ಬಲದಿಂದ ಎಡಕ್ಕೆ ಓದುವ ಹೀಬ್ರೂವಿನಲ್ಲಿ ಇದೇ ಓರೆ ತಿರುಗುಮುರುಗಾಗುತ್ತದೆಂದು 1981ರಲ್ಲಿ ಗೊತ್ತಾಯಿತು. ಹಾಗಾದರೆ ಈ ಓರೆ ಕಣ್ಣಿನದಲ್ಲ, ಓದುವ ದಿಕ್ಕಿನ ಕಡೆಗೆ ಹರಿಯುವ ಗಮನದ್ದು. ಆಲ್ಬ್ರೆಕ್ಟ್ ಇನ್‌ಹಾಫ್ ಮತ್ತು ವೈಮಿನ್ ಲ್ಯೂ 1998ರಲ್ಲಿ ಇದೇ ಕಿಟಕಿಯನ್ನು ಚೀನೀ ವಾಕ್ಯಗಳ ಮೇಲೆ ಇಟ್ಟಾಗ ದೊರೆತ ಹರಹು ಎಡಕ್ಕೆ ಒಂದು ಅಕ್ಷರ, ಬಲಕ್ಕೆ ಮೂರು ಅಕ್ಷರ.

ಬಲಕ್ಕಿರುವ ಆ ಮೂರು ಅಕ್ಷರಗಳಿಂದ ಕಣ್ಣು ಏನನ್ನು ಹೆಕ್ಕಿಕೊಳ್ಳುತ್ತದೆ ಎಂಬುದನ್ನು ತಿಳಿಯಲು ರೇನರ್ ಅವರದೇ ಇನ್ನೊಂದು ವಿಧಾನ ಒದಗಿತು. ವಾಕ್ಯದಲ್ಲಿ ಒಂದು ಅಕ್ಷರಕ್ಕೆ ಸ್ವಲ್ಪ ಮೊದಲು ಓದುಗನಿಗೆ ಕಾಣದ ಗಡಿಯೊಂದನ್ನು ಕಂಪ್ಯೂಟರ್ ಗುರುತಿಟ್ಟುಕೊಂಡಿರುತ್ತದೆ. ಕಣ್ಣು ಆ ಗಡಿಯನ್ನು ದಾಟುವವರೆಗೆ ಅಲ್ಲಿ ಬೇರೊಂದು ಅಕ್ಷರ ಇರುತ್ತದೆ, ದಾಟುವ ಜಿಗಿತದ ನಡುವೆಯೇ ಸರಿಯಾದ ಅಕ್ಷರ ಬಂದು ಕೂರುತ್ತದೆ. ಜಿಗಿತದಲ್ಲಿ ನೋಟ ಕೆಲಸ ಮಾಡದಿರುವುದರಿಂದ ಓದುಗನಿಗೆ ಈ ಬದಲಾವಣೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ, ಆದರೆ ಮೊದಲಿದ್ದ ಅಕ್ಷರಕ್ಕೂ ಅನಂತರದ್ದಕ್ಕೂ ನಂಟಿದ್ದರೆ ಕಣ್ಣು ಅಲ್ಲಿ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ. ಯಾನ್ ಮಿಂಗ್ ಮತ್ತು ಸಂಗಡಿಗರು 2009ರಲ್ಲಿ ಹೀಗೆ ಪರೀಕ್ಷಿಸಿ, ಚೀನೀ ಓದುಗರು ಇನ್ನೂ ಕಣ್ಣು ನೆಡದ ಅಕ್ಷರದಿಂದ ಅರ್ಥವನ್ನೂ ಹೀರಿಕೊಂಡಿರುತ್ತಾರೆಂದು ತೋರಿಸಿದರು. ಇಂಗ್ಲಿಷ್ ಓದುಗರಲ್ಲಿ ಬಹುಕಾಲ ಹುಡುಕಿದರೂ ಸಿಗದಿದ್ದ ಪರಿಣಾಮ ಇದು. ಅಕ್ಷರಗಳು ಚೌಕಕ್ಕೆ ಚೌಕ ಅಂಟಿ ಹತ್ತಿರ ಇರುವುದೂ, ಅಕ್ಷರದ ರೂಪಕ್ಕೂ ಅರ್ಥಕ್ಕೂ ನೇರ ನಂಟಿರುವುದೂ ಇದಕ್ಕೆ ಕಾರಣವೆಂದು ವಿವರಿಸಲಾಗಿದೆ. ಒಂದು ಕಾಲಕ್ಕೆ ಹೊರೆಯೆಂದು ಹಳಿಸಿಕೊಂಡಿದ್ದ ಗುಣವೇ ಇಲ್ಲಿ ಓದಿಗೆ ಒತ್ತಾಸೆಯಾಗಿ ನಿಂತಿದೆ.

ಇಷ್ಟಾದರೂ ಎಡೆಯಿಲ್ಲದ ಸಾಲಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ಪದಗಳ ನಡುವೆ ಜಾಗ ಬಿಡುವುದು ಬರಹದ ಮೂಲಗುಣವೇನೂ ಅಲ್ಲ. ಯೂರೋಪಿನಲ್ಲೇ ಲ್ಯಾಟಿನ್ ಬರಹಕ್ಕೆ ಅದನ್ನು ರೂಢಿಸಿದವರು ಏಳು ಎಂಟನೆಯ ಶತಮಾನಗಳ ಐರಿಷ್ ಲಿಪಿಕಾರರು. ಥಾಯ್ ಬರಹದಲ್ಲಿ ಇಂದಿಗೂ ಆ ಪದ್ಧತಿಯಿಲ್ಲ. ಕನ್ನಡದ ಹಳೆಯ ಶಾಸನಗಳಲ್ಲೂ ಓಲೆಗರಿಗಳಲ್ಲೂ ಅಕ್ಷರಗಳು ಹೀಗೆಯೇ ಒತ್ತಾಗಿ ಸಾಗುತ್ತವೆ, ಅವನ್ನು ಪದಪದವಾಗಿ ಬಿಡಿಸುವುದು ಗ್ರಂಥಸಂಪಾದನೆಯ ಕಷ್ಟದ ಕೆಲಸಗಳಲ್ಲೊಂದು. ಆದರೂ ಇಂಗ್ಲಿಷಿನ ಮೇಲೆ ಬೆಳೆದ ಓದಿನ ಸಿದ್ಧಾಂತಗಳೆಲ್ಲ ಜಾಗವನ್ನು ನೆಚ್ಚಿಕೊಂಡಿದ್ದವು: ಮುಂದಿನ ಪದದ ಉದ್ದ ಓರೆಗಣ್ಣಿಗೆ ಜಾಗದ ಮೂಲಕವೇ ತಿಳಿಯುತ್ತದೆ, ಕಣ್ಣು ಆ ಪದದ ನಡುವಿಗಿಂತ ತುಸು ಎಡಕ್ಕೆ ಗುರಿಯಿಟ್ಟು ಜಿಗಿಯುತ್ತದೆ, ಜಾಗ ತೆಗೆದುಹಾಕಿದರೆ ಇಂಗ್ಲಿಷ್ ಓದು ಬಹಳ ನಿಧಾನವಾಗುತ್ತದೆ. ಹಾಗಿದ್ದಲ್ಲಿ ಚೀನೀ ಸಾಲಿಗೆ ಜಾಗ ಸೇರಿಸಿದರೆ ಓದು ಚುರುಕಾಗಬೇಕಲ್ಲವೇ?

ಇದನ್ನು ಪರೀಕ್ಷಿಸಿದ್ದು ಟಿಯಾನ್‌ಜಿನ್ ನಾರ್ಮಲ್ ವಿಶ್ವವಿದ್ಯಾಲಯ. ಅಲ್ಲಿ ಶೆನ್ ದಲಿ ಅವರು ಕಟ್ಟಿ ಬೆಳೆಸಿದ ಕೇಂದ್ರ ಚೀನಾದಲ್ಲಿ ಕಣ್ಣಿನ ಚಲನೆಯ ಸಂಶೋಧನೆಗೆ ನೆಲೆಯಾಯಿತು. ಅಲ್ಲಿನ ಬಾಯ್ ಶ್ಯುಯೆಜುನ್, ಯಾನ್ ಗುವೋಲಿ, ಜಾಂಗ್ ಚುವಾನ್‌ಲಿ ಅವರು ಸೈಮನ್ ಲಿವರ್ಸೆಜ್ ಮತ್ತು ಕೀತ್ ರೇನರ್ ಅವರೊಡನೆ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ವಾಕ್ಯಗಳನ್ನು ನಾಲ್ಕು ಬಗೆಯಲ್ಲಿ ತೋರಿಸಲಾಯಿತು: ಎಂದಿನಂತೆ ಎಡೆಯಿಲ್ಲದೆ, ಪ್ರತಿ ಅಕ್ಷರದ ನಡುವೆ ಎಡೆ ಬಿಟ್ಟು, ಪದಗಳ ನಡುವೆ ಮಾತ್ರ ಎಡೆ ಬಿಟ್ಟು, ಮತ್ತು ಪದ ಒಡೆದುಹೋಗುವಂತೆ ತಪ್ಪು ಜಾಗದಲ್ಲಿ ಎಡೆ ಬಿಟ್ಟು. ಅಕ್ಷರಗಳ ನಡುವಿನ ಎಡೆಯೂ ತಪ್ಪು ಎಡೆಯೂ ಓದನ್ನು ತಡೆದವು. ಪದಗಳ ನಡುವಿನ ಎಡೆಯಾದರೋ ಓದನ್ನು ಚುರುಕುಗೊಳಿಸಲೂ ಇಲ್ಲ, ನಿಧಾನಗೊಳಿಸಲೂ ಇಲ್ಲ. ಈ ಸಮಬಲದಲ್ಲಿ ಎರಡು ತಿಳಿವುಗಳು ಅಡಗಿವೆ: ಹುಟ್ಟಿದಂದಿನಿಂದ ಕಂಡಿರದ ವಿನ್ಯಾಸವನ್ನು ರೂಢಿಯ ವಿನ್ಯಾಸದಷ್ಟೇ ಸಲೀಸಾಗಿ ಓದಿದರೆಂದರೆ ಎಡೆಯಿಂದ ಏನೋ ನೆರವು ಸಿಕ್ಕಿರಲೇಬೇಕು, ಹಾಗೆಯೇ, ಚೀನೀ ಓದಿನಲ್ಲಿಯೂ ಮನಸ್ಸು ಲೆಕ್ಕಕ್ಕೆ ತೆಗೆದುಕೊಳ್ಳುವ ಘಟಕ ಬಿಡಿ ಅಕ್ಷರವಲ್ಲ, ಪದ.

ಪದದ ಈ ಹಿಡಿತವನ್ನು ಇನ್ನಷ್ಟು ಹತ್ತಿರದಿಂದ ನೋಡಿದವರು, ರೇನರ್ ಮತ್ತು ಅವರ ಸಹೋದ್ಯೋಗಿ ಪೊಲ್ಲಾಟ್ಸೆಕ್ ಅವರಿದ್ದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ ಅನಂತರ ಬೀಜಿಂಗಿನ ಮನೋವಿಜ್ಞಾನ ಸಂಸ್ಥೆಗೆ ಬಂದ ಲಿ ಶಿಂಗ್‌ಶಾನ್. 2009ರಲ್ಲಿ ರೇನರ್ ಮತ್ತು ಕೈಲ್ ಕೇವ್ ಅವರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ ಅವರು ನಾಲ್ಕು ಅಕ್ಷರಗಳನ್ನು ಒಟ್ಟಿಗೆ ಕ್ಷಣಮಾತ್ರ ತೋರಿಸಿ ಕಂಡದ್ದನ್ನು ಹೇಳಿಸಿದರು. ನಾಲ್ಕೂ ಸೇರಿ ಒಂದೇ ಪದವಾಗಿದ್ದಾಗ ಓದುಗರು ನಾಲ್ಕನ್ನೂ ಹೇಳಿದರು. ಎರಡೆರಡು ಅಕ್ಷರಗಳ ಎರಡು ಪದಗಳಾಗಿದ್ದಾಗ ಬಹುಮಟ್ಟಿಗೆ ಮೊದಲ ಪದವನ್ನಷ್ಟೇ ಹೇಳಿದರು. ಕಾಣುವ ಜಾಗ ಅದೇ, ಸಮಯ ಅದೇ, ಅಕ್ಷರಗಳ ಸಂಖ್ಯೆಯೂ ಅದೇ; ಬದಲಾದದ್ದು ಪದದ ಎಲ್ಲೆ ಮಾತ್ರ, ಆ ಎಲ್ಲೆಯೋ ತೆರೆಯ ಮೇಲೆ ಎಲ್ಲಿಯೂ ಬರೆದಿರಲಿಲ್ಲ.

ಎಲ್ಲೆ ಬರೆದಿರದಿದ್ದರೆ ಅದು ಮೊದಲು ಗೊತ್ತಾಗಿ ಪದ ಆಮೇಲೆ ಗೊತ್ತಾಗುತ್ತದೆಯೋ, ಪದ ಮೊದಲೋ? ‘ಹುವಾ, ಶೆಂಗ್, ಝಾಂಗ್’ ಎಂಬ ಮೂರು ಅಕ್ಷರಗಳ ಸಾಲನ್ನು ತೆಗೆದುಕೊಳ್ಳಬಹುದು. ಮೊದಲ ಅಕ್ಷರವೊಂದೇ ನಿಂತರೆ ಹೂವು, ಮೊದಲೆರಡು ಸೇರಿದರೆ ಕಡಲೆಕಾಯಿ, ಕೊನೆಯೆರಡು ಸೇರಿದರೆ ಬೆಳವಣಿಗೆ. ನಡುವಿನ ಅಕ್ಷರ ಎರಡು ಕಡೆಗೂ ಸಲ್ಲುವುದರಿಂದ ಎಲ್ಲಿ ಕತ್ತರಿಸಬೇಕೆಂಬುದು ಪದಗಳನ್ನು ಗುರುತಿಸುವವರೆಗೆ ತೀರ್ಮಾನವಾಗುವಂತಿಲ್ಲ, ಕತ್ತರಿಸದೆ ಪದಗಳನ್ನು ಗುರುತಿಸುವಂತೆಯೂ ಇಲ್ಲ. ಲಿ ಮತ್ತು ಪೊಲ್ಲಾಟ್ಸೆಕ್ 2020ರಲ್ಲಿ ಮಂಡಿಸಿದ ಚೀನೀ ಓದಿನ ಮಾದರಿ ಈ ಗಂಟನ್ನು ಬಿಡಿಸುವುದು ಹೀಗೆ: ಗ್ರಹಿಕೆಯ ಹರಹಿನೊಳಗಿನ ಎಲ್ಲ ಅಕ್ಷರಗಳೂ ಏಕಕಾಲದಲ್ಲಿ ತಮ್ಮಿಂದ ಸಾಧ್ಯವಾಗುವ ಎಲ್ಲ ಪದಗಳನ್ನೂ ಮನಸ್ಸಿನಲ್ಲಿ ಎಬ್ಬಿಸುತ್ತವೆ, ಒಂದೇ ಅಕ್ಷರಕ್ಕೆ ಹಕ್ಕು ಹೂಡುವ ಪದಗಳು ಪರಸ್ಪರ ಸ್ಪರ್ಧಿಸುತ್ತವೆ, ಒಂದು ಪದ ಗೆದ್ದ ಗಳಿಗೆಯಲ್ಲೇ ಅದರ ಗುರುತೂ ಎಲ್ಲೆಯೂ ಒಟ್ಟಿಗೆ ನಿರ್ಧಾರವಾಗುತ್ತವೆ. ಹಾಗೆ ನೋಡಿದರೆ ಕಣ್ಣಿನ ಜಿಗಿತವೂ ಮೊದಲೇ ಗೊತ್ತಾದ ಪದದ ನಡುವಿಗೆ ಗುರಿಯಿಡುವುದಿಲ್ಲ. ಒಂದು ನಿಲುಗಡೆಯಲ್ಲಿ ಎಷ್ಟು ಅಕ್ಷರಗಳು ಜೀರ್ಣವಾದವೋ ಅವನ್ನು ದಾಟಿ ಹೊಸ ಅಕ್ಷರಗಳು ಸಿಗುವೆಡೆಗೆ ಹಾರುತ್ತದೆ. ಜಿಗಿತದ ಗುರಿಯ ವಿಷಯದಲ್ಲಿ ಯಾನ್ ಮಿಂಗ್ ಮೊದಲಾದವರದು ಬೇರೆ ಅಭಿಪ್ರಾಯ. ಎರಡು ಪಕ್ಷಗಳ ನಡುವಿನ ವಾದ ಇಂದಿಗೂ ಜೀವಂತವಾಗಿದೆ.

ಎಡೆಯ ಪ್ರಯೋಜನ ನುರಿತ ಓದುಗರಲ್ಲಿ ಕಾಣದಿದ್ದರೂ ಕಲಿಯುವವರಲ್ಲಿ ಕಂಡಿತು. 2012ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳ ಪೈಕಿ ಒಂದರಲ್ಲಿ, ಹೊಸ ಪದಗಳನ್ನು ಎಡೆಯಿರುವ ವಾಕ್ಯಗಳಲ್ಲಿ ಮೊದಲು ಕಂಡ ಚೀನೀ ಮಕ್ಕಳು ಮುಂದೆ ಅದೇ ಪದಗಳನ್ನು ಎಡೆಯಿಲ್ಲದ ಸಾಲಿನಲ್ಲಿಯೂ ಬೇಗ ಓದಿದರು. ಇನ್ನೊಂದರಲ್ಲಿ ಇಂಗ್ಲಿಷ್, ಕೊರಿಯನ್, ಜಪಾನೀ, ಥಾಯ್ ಮಾತೃಭಾಷೆಯ ಕಲಿಯುವವರೆಲ್ಲರಿಗೂ ಎಡೆಯಿರುವ ಸಾಲು ಸುಲಭವಾಯಿತು. ಚೀನಾದ ಪತ್ರಿಕೆ, ಪುಸ್ತಕಗಳು ಇಂದಿಗೂ ಎಡೆಯಿಲ್ಲದೆಯೇ ಅಚ್ಚಾಗುತ್ತವೆ, ನುರಿತ ಓದುಗರ ಮಟ್ಟಿಗೆ ಅದನ್ನು ಬದಲಿಸಲು ಪ್ರಯೋಗಗಳು ಯಾವ ಕಾರಣವನ್ನೂ ಕೊಟ್ಟಿಲ್ಲ. ಮಕ್ಕಳಿಗೂ ಪರಭಾಷಿಕರಿಗೂ ಪಠ್ಯಪುಸ್ತಕ ಸಿದ್ಧಪಡಿಸುವವರು ಮಾತ್ರ ಈ ಎರಡು ಫಲಿತಾಂಶಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.